ಇಸಾಬೋ ಮುಚ್ಚಿಸಿದ ಕಿಟಕಿ

ಹನ್ನೆರಡು ವರ್ಷದ ಹಿಂದೆ, ಮದುವೆಯ ಮರುದಿನ ಬೆಳಿಗ್ಗೆ, ನಾನು ನನ್ನ ಹೆಂಡತಿ ಒದೀಲಳಿಗೆ ಒಂದು ಕಿಟಕಿ ಇಡಿಸಿಕೊಡುತ್ತೇನೆಂದು ಮಾತು ಕೊಟ್ಟೆ. ಬೇರೆ ಗಂಡಂದಿರು ಸಮುದ್ರ ತೋರಿಸುತ್ತೇನೆ, ಪ್ಯಾರಿಸ್ಸಿನಲ್ಲಿ ಮನೆ ಮಾಡುತ್ತೇನೆ ಎಂದೆಲ್ಲ ಮಾತು ಕೊಡುತ್ತಾರೆ. ಅವು ತೀರ ದೊಡ್ಡವಾದ್ದರಿಂದ ಆಮೇಲೆ ಯಾರೂ ಕೇಳುವುದಿಲ್ಲ. ನನ್ನ ಮಾತು ಒಂದು ಮೀಟರ್ ಅಗಲ, ಒಂದೂಕಾಲು ಮೀಟರ್ ಎತ್ತರ. ಅಳತೆ ಹೇಳಿ ಮಾತು ಕೊಟ್ಟವನಿಗೆ ತಪ್ಪಿಸಿಕೊಳ್ಳಲು ಸಂದಿ ಇರುವುದಿಲ್ಲ.

ಆ ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದು, ಕಾಫಿಗೆ ನೀರಿಟ್ಟು, ಸುತ್ತಲೂ ಒಮ್ಮೆ ನೋಡಿ, "ಲುದೋವಿಕ್, ಈ ಮನೇಲಿ ಬೆಳಕು ಎಲ್ಲಿಂದ ಬರುತ್ತೆ?" ಎಂದು ಕೇಳಿದ್ದಳು.

"ಆ ಸ್ವಿಚ್ಚಿಂದ," ಎಂದೆ.

ಅವಳು ನಗಲಿಲ್ಲ. ನಾನು ತಕ್ಷಣ ದಕ್ಷಿಣದ ಗೋಡೆಗೆ ಕೈಯಿಟ್ಟು, "ಬರೋ ಬೇಸಿಗೆಗೆ ಇಲ್ಲೊಂದು ಕಿಟಕಿ. ಒಂದು ಮೀಟರ್ ಅಗಲ, ಒಂದೂಕಾಲು ಎತ್ತರ. ನೀನು ಪಾತ್ರೆ ತೊಳೀತಾ ನದಿ ನೋಡಬಹುದು," ಎಂದುಬಿಟ್ಟೆ.

ನಮ್ಮ ಊರು ಮೊಂಬ್ರಾಕ್ ಬಂಡೆಯ ಮೇಲೆ ಕೂತಿದೆ. ನಮ್ಮ ಮನೆ ಊರಿನ ಅಂಚಿನಲ್ಲಿದೆ. ಆ ಗೋಡೆಯ ಆಚೆ ಅಕ್ರೋಟದ ತೋಪು, ನದಿ, ನದಿಯ ಮೇಲಿನ ಕಲ್ಲಿನ ಸೇತುವೆ, ಅದರಾಚೆ ಏಳು ಗುಡ್ಡ ಇವೆ. ಇಂಗ್ಲೆಂಡಿನಿಂದಲೂ ಹಾಲೆಂಡಿನಿಂದಲೂ ಜನ ಕಾರು ಓಡಿಸಿಕೊಂಡು ಬಂದು ನೋಡುವ ಈ ಕಣಿವೆ ಒದೀಲಳ ಪಾತ್ರೆ ತೊಳೆಯುವ ತೊಟ್ಟಿಯಿಂದ ಅರವತ್ತು ಸೆಂಟಿಮೀಟರ್ ದೂರದಲ್ಲಿತ್ತು. ಆ ಅರವತ್ತು ಸೆಂಟಿಮೀಟರೂ ಕಲ್ಲು.

ಬರೋ ಬೇಸಿಗೆ ಹನ್ನೆರಡು ಸಲ ಬಂತು. ನಾನು ಶಾಲಾ ಬಸ್ಸಿನ ಡ್ರೈವರ್. ಬೇಸಿಗೆಯಲ್ಲಿ ಶಾಲೆ ಮುಚ್ಚಿದಾಗ ಇಂಗ್ಲಿಷರ ರಜೆಮನೆಗಳ ಈಜುಕೊಳ ತೊಳೆಯುತ್ತೇನೆ. ಒಂದು ವರ್ಷ ಮಗಳು ಅಪೊಲೀನ್ ಹುಟ್ಟಿದಳು, ಒಂದು ವರ್ಷ ಮಾಡು ಸೋರಿತು, ಒಂದು ವರ್ಷ ಮಗ ಮಾರ್ಸೊ ಹುಟ್ಟಿದ, ಒಂದು ವರ್ಷ ಮಾಡಿನ ಇನ್ನೊಂದು ಕಡೆ ಸೋರಿತು. ಮಕ್ಕಳು ರಜೆಯ ದಿನ ಮಧ್ಯಾಹ್ನ ಮೂರು ಗಂಟೆಗೂ ಬಲ್ಬು ಹಾಕಿಕೊಂಡು ಮನೆಪಾಠ ಬರೆದರು.

ಈ ವರ್ಷ ಮಾರ್ಚಿನಲ್ಲಿ ಒದೀಲ್ ಕೆಲಸದಿಂದ ಬಂದು ಕೋಟು ಬಿಚ್ಚದೆ ಕೂತಳು. ಅವಳ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸಿ ಊಟ ಕೊಟ್ಟು ಬರುವುದು. ದಿನಕ್ಕೆ ಒಂಬತ್ತು ಮನೆ ಸುತ್ತುತ್ತಾಳೆ.

"ಕೆಳಗೆ ಫೋಂತಾಲ್ಬಿನಲ್ಲಿ ಹೊಸ ಬಡಾವಣೆ ಆಗಿದೆ. ಒಂದು ಮನೆ ಬಾಡಿಗೆಗಿದೆ. ಅಡುಗೆಮನೇಲಿ ಎರಡು ಕಿಟಕಿ," ಎಂದಳು.

"ಏನು ಕಾಣುತ್ತೆ ಅಲ್ಲಿಂದ?"

"ಸೂಪರ್ ಮಾರ್ಕೆಟ್ಟಿನ ಕಾರು ನಿಲ್ಲಿಸೋ ಜಾಗ."

"ಅದನ್ನೇನು ನೋಡ್ತೀಯಾ?"

"ಕಾರು ಬರುತ್ತೆ, ಕಾರು ಹೋಗುತ್ತೆ. ನೋಡ್ತೀನಿ. ನೋಡು ಲುದೋವಿಕ್, ಜಗಳ ಆಡೋಕೆ ನನ್ನ ಹತ್ರ ಶಕ್ತಿ ಇಲ್ಲ. ಸತ್ತವರ ಹಬ್ಬದ ತನಕ ಕಾಯ್ತೀನಿ. ಅಷ್ಟರೊಳಗೆ ಆ ಗೋಡೇಲಿ ಕಿಟಕಿ ಇದ್ರೆ ಇಲ್ಲಿರ್ತೀನಿ. ಇಲ್ದಿದ್ರೆ ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಹೋಗ್ತೀನಿ."

ಸತ್ತವರ ಹಬ್ಬ ನವೆಂಬರ್ ಒಂದಕ್ಕೆ. ಅಂದರೆ ಏಳು ತಿಂಗಳಿತ್ತು. ಏಳು ತಿಂಗಳಲ್ಲಿ ಒಂದು ತೂತು ಕೊರೆಯಲಾರದವನು ಗಂಡಸೇ ಅಲ್ಲ ಎಂದುಕೊಂಡು ಮರುದಿನವೇ ಪುರಸಭೆಗೆ ಹೋದೆ.

ಹೋಗುವಾಗ ಊಟಕ್ಕೆ ಕಚೇರಿ ಮುಚ್ಚುವ ಹನ್ನೆರಡಕ್ಕೆ ಆರು ನಿಮಿಷವಿತ್ತು. ಮೊಂಬ್ರಾಕಿನಲ್ಲಿ ಆ ಹೊತ್ತಿಗೆ ಸರ್ಕಾರಿ ಕೆಲಸಕ್ಕೆ ಹೋಗುವವನು ಹೊರ ಊರಿನವನಾಗಿರಬೇಕು, ಇಲ್ಲವೇ ನಾನಾಗಿರಬೇಕು. ಗುಮಾಸ್ತೆ ಫೆರ್ನಾಂದ್ ಆಗಲೇ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಹೊಸ ಕಿಟಕಿನಾ?" ಎಂದಳು. "ಚರ್ಚಿಂದ ನಿಮ್ಮನೆ ಎಷ್ಟು ದೂರ?"

"ಇಪ್ಪತ್ತು ಹೆಜ್ಜೆ."

"ಚರ್ಚು ರಕ್ಷಿತ ಕಟ್ಟಡ. ಸುತ್ತ ಐನೂರು ಮೀಟರೊಳಗೆ ಹೊಸ ತೂತು ಕೊರೆಯೋ ಹಾಗಿಲ್ಲ. ನಮ್ಮ ಭಾವ ನಾಯಿಗೂಡಿಗೆ ಬಾಗಿಲಿಡೋಕೆ ಎರಡು ವರ್ಷ ಕಾದ್ರು. ಅಷ್ಟರಲ್ಲಿ ನಾಯಿನೇ ಹೋಯ್ತು."

"ಅನುಮತಿ?"

"ಅದು ಬಂತು. ಬೂದು ಬಣ್ಣ ಹೊಡೀಬೇಕು ಅಂತ ಷರತ್ತಿನ ಮೇಲೆ."

ನನ್ನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು. ಗಡಿಯಾರದ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಹೊಸದಕ್ಕೆ ಮಾತ್ರ ನೋಡಿ ತೊಂದರೆ. ಹಿಂದೆ ಕಿಟಕಿ ಇದ್ದು ಯಾರೋ ಮುಚ್ಚಿದ್ರೆ, ಅದನ್ನ ಮತ್ತೆ ತೆರೀಬಹುದು. ಹಿಂದೆ ಇತ್ತಾ?" ಎಂದಳು.

ಹನ್ನೆರಡಕ್ಕೆ ಒಂದು ನಿಮಿಷವಿತ್ತು.

"ಇತ್ತು," ಎಂದೆ.

ನನ್ನ ಬದುಕಿನಲ್ಲಿ ಸರ್ಕಾರದ ಮುಂದೆ ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸ ಇಲ್ಲದವನು ಅಡುಗೆ ಮಾಡಿದ ಹಾಗೆ ಆಯಿತು.

"ಹಾಗಾದ್ರೆ ಊರಿನ ಹಿರಿಯರೊಬ್ಬರ ಹತ್ರ ಬರೆಸ್ಕೊಂಡು ಬನ್ನಿ," ಎಂದಳು ಫೆರ್ನಾಂದ್. ಗಂಟೆ ಹೊಡೆಯಲು ಶುರುವಾಯಿತು. ಹನ್ನೆರಡನೆಯ ಹೊಡೆತಕ್ಕೆ ನಾನು ಬೀದಿಯಲ್ಲಿದ್ದೆ, ಬಾಗಿಲಿಗೆ ಬೀಗ ಬಿದ್ದಿತ್ತು.

ಊರಿನ ಹಿರಿಯರೆಂದರೆ ಒರ್ತಾನ್ಸ್ ಟೀಚರ್. ವಯಸ್ಸು ಎಂಬತ್ತಾರು, ನಮ್ಮ ಎದುರು ಮನೆ. ಊರಿನ ಶಾಲೆಯಲ್ಲಿ ಮೂರು ತಲೆಮಾರಿಗೆ ಪಾಠ ಹೇಳಿದವರು. ಇವತ್ತಿಗೂ ಮೇಯರು ಅವರ ಮುಂದೆ ಜೇಬಿನಿಂದ ಕೈ ತೆಗೆದು ನಿಲ್ಲುತ್ತಾರೆ. ನಾನು ಒಂದು ಬಾಟಲಿ ಅಕ್ರೋಟದ ವೈನ್ ತೆಗೆದುಕೊಂಡು ಹೋದೆ.

"ಎರಡೇ ಸಾಲು ಸಾಕು ಟೀಚರ್. ಇಲ್ಲೊಂದು ಕಿಟಕಿ ಇತ್ತು, ಆಮೇಲೆ ಮುಚ್ಚಿದರು. ಕೆಳಗೆ ಸಹಿ."

"ಯಾಕೆ ಮುಚ್ಚಿದರು?"

"ಗೊತ್ತಿಲ್ಲ."

"ಮೂರನೇ ಕ್ಲಾಸಲ್ಲೂ ನಿಂದು ಇದೇ ಉತ್ತರ. ಕಾರಣ ಇಲ್ಲದ ವಾಕ್ಯ ನಾನು ಬರೆಯೋದಿಲ್ಲ. ಕೂತ್ಕೋ. ಬೆನ್ನು ನೆಟ್ಟಗೆ."

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಟೀಚರ್ ಬಾಟಲಿ ತೆರೆದು, ನನಗೆ ನೀರು ಕೊಟ್ಟು, ತಾವು ಸಣ್ಣ ಲೋಟಕ್ಕೆ ವೈನ್ ಬಗ್ಗಿಸಿಕೊಂಡು, ನೇರಳೆ ಶಾಯಿಯ ಪೆನ್ನು ಹಿಡಿದರು. ಬಾಟಲಿ ಇಳಿದ ಹಾಗೆಲ್ಲ ಹಾಳೆ ತುಂಬಿತು. ನಾನು ಗಡಿಯಾರವನ್ನೇ ನೋಡುತ್ತಿದ್ದೆ. ನಾಲ್ಕೂವರೆಗೆ ಶಾಲೆಯ ಮುಂದೆ ಬಸ್ಸು ಇರಬೇಕಿತ್ತು. ನಾಲ್ಕೂಕಾಲಿಗೆ ಅವರು ನಾಲ್ಕು ಹಾಳೆ ಕೈಗಿತ್ತು, "ಓದು, ಜೋರಾಗಿ," ಎಂದರು.

"ಹೊತ್ತಾಯ್ತು ಟೀಚರ್. ನೀವು ಬರೆದ ಮೇಲೆ ತಪ್ಪು ಎಲ್ಲಿರುತ್ತೆ," ಎಂದು ಓಡಿದೆ. ಹೋಗುವ ದಾರಿಯಲ್ಲೇ ಪುರಸಭೆಯ ಡಬ್ಬಿಗೆ ಹಾಕಿದೆ. ಓದದೆ ಹಾಕಿದೆ. ಮನುಷ್ಯ ಮೂರನೇ ಕ್ಲಾಸಿನಿಂದ ಮುಂದೆ ಬರುವುದೇ ಇಲ್ಲ.

ಇಲ್ಲಿ ನಮ್ಮ ಮೇಯರ್ ಬಗ್ಗೆ ಒಂದು ಮಾತು ಹೇಳಬೇಕು. ರೆಮೋಂ ಕಾಸ್ತಾನ್ ಮೊದಲು ದನದ ಡಾಕ್ಟರಾಗಿದ್ದರು. ಈಗಲೂ ಯಾರ ಜೊತೆ ಮಾತಾಡಿದರೂ ಹೊಟ್ಟೆಯ ಪಕ್ಕಕ್ಕೆ ಅಂಗೈ ಇಟ್ಟು ತಟ್ಟುತ್ತಾರೆ. ಅವರಿಗಿದ್ದ ನೋವು ಒಂದೇ. ದೇಶದಲ್ಲಿ ಹಳೆಯ ಸೊಗಸಿನ ಊರುಗಳದೊಂದು ಸಂಘವಿದೆ. ಅದರ ಪಟ್ಟಿಯಲ್ಲಿ ಹೆಸರು ಬಂದರೆ ಊರ ಬಾಗಿಲಿಗೆ ಕಂದು ಬಣ್ಣದ ಫಲಕ ಹಾಕುತ್ತಾರೆ, ರಜೆಗೆ ಬಂದವರೆಲ್ಲ ಅಲ್ಲಿ ಕಾರು ನಿಲ್ಲಿಸುತ್ತಾರೆ. ಪಟ್ಟಿಗೆ ಸೇರಲು ಊರಿನಲ್ಲಿ ನೋಡತಕ್ಕ ಹಳೆಯ ವಸ್ತು ಮೂರಿರಬೇಕು. ನಮ್ಮಲ್ಲಿ ಎರಡಿದ್ದವು, ಚರ್ಚು ಮತ್ತು ಸಂತೆಯ ಮಂಟಪ. ಮೂರನೆಯದೆಂದು ಬಟ್ಟೆ ಒಗೆಯುವ ಕಟ್ಟೆಯನ್ನು ತೋರಿಸಿದಾಗ, ಅದರ ತಗಡಿನ ಮಾಡು ನೋಡಿ ಸಂಘದವರು ಕಾರಿನಿಂದ ಇಳಿಯಲೇ ಇಲ್ಲ. ಆಚೆ ದಡದ ಸೇಂತ್-ಅವಿ ಊರಿಗೆ ಫಲಕ ಬಂದು ಮೂರು ವರ್ಷವಾಗಿತ್ತು. ಅಲ್ಲಿನ ಕಟುಕ ಮಾಂಸ ಮಾರುವುದನ್ನೇ ಬಿಟ್ಟು ಲ್ಯಾವೆಂಡರ್ ಐಸ್ಕ್ರೀಮು ಮಾರುತ್ತಿದ್ದ.

ಮುಂದಿನ ಭಾನುವಾರ ನಾವು ಊಟಕ್ಕೆ ಕೂತಿದ್ದೆವು. ಒದೀಲ್ ಗಿನಿ ಕೋಳಿ ಹುರಿದಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಮೇಯರು, ಎದೆಗೆ ಅಡ್ಡವಾಗಿ ಮೂರು ಬಣ್ಣದ ಪಟ್ಟಿ ಹಾಕಿಕೊಂಡು ನಿಂತಿದ್ದಾರೆ. ಅದನ್ನು ಅವರು ಮದುವೆಗೂ ಯುದ್ಧಸ್ಮಾರಕಕ್ಕೂ ಮಾತ್ರ ಹಾಕುತ್ತಾರೆ. ಹಿಂದೆ ಪುರಸಭೆಯ ಸದಸ್ಯ, ಬೇಕರಿಯ ಎದ್ಮೋಂ. ಅವನ ಹಿಂದೆ ಟೀಚರ್, ತಮ್ಮ ಊರುಗೋಲಿನೊಂದಿಗೆ.

"ಎಲ್ಲಿ?" ಎಂದರು ಮೇಯರ್.

ನಾನು ಗೋಡೆ ತೋರಿಸಿದೆ. ಅವರು ಟೋಪಿ ತೆಗೆದರು. ಜೇಬಿನಿಂದ ನೇರಳೆ ಶಾಯಿಯ ಹಾಳೆಗಳನ್ನು ತೆಗೆದು ಓದಿದರು. ನನ್ನ ಅರ್ಜಿಯಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಸಾವಿರದ ಮುನ್ನೂರ ಅರವತ್ತೊಂದನೆಯ ಇಸವಿ. ಈ ಮನೆಯ ಒಡತಿ ಇಸಾಬೋ, ಯುದ್ಧಕ್ಕೆ ಹೋದ ಗಂಡನ ದಾರಿ ಕಾಯುತ್ತ ಈ ಕಿಟಕಿಯಲ್ಲಿ ಮೂರು ವರ್ಷ ನಿಂತಳು. ಗಂಡ ಬಂದ. ಅವನ ಕುದುರೆಯ ಮೇಲೆ ಇನ್ನೊಬ್ಬಳೂ ಬಂದಳು. ಇಸಾಬೋ ಅವನೊಡನೆ ಒಂದು ಮಾತನ್ನೂ ಆಡಲಿಲ್ಲ. ಕಲ್ಲುಕೆಲಸದವನನ್ನು ಕರೆಸಿ ಕಿಟಕಿ ಮುಚ್ಚಿಸಿದಳು. ಈ ಮನೆಗೆ ಇನ್ನು ಮೇಲೆ ಬೆಳಕು ಬೇಡ ಎಂದಳು."

ಮೇಯರ್ ಹಾಳೆಗಳನ್ನು ಎದೆಗೆ ಒತ್ತಿಕೊಂಡರು. ಎದ್ಮೋಂ ಕಣ್ಣೊರೆಸಿಕೊಂಡ. ಟೀಚರ್ ಮಾತ್ರ, "'ಕಾಯುತ್ತ' ಆದ ಮೇಲೆ ಒಂದು ಅಲ್ಪವಿರಾಮ ಇದೆ, ನೀನು ನಿಲ್ಲಿಸಲಿಲ್ಲ," ಎಂದರು.

"ಈ ಮನೆ ಕಟ್ಟಿದ್ದು ನಮ್ಮ ತಾತನ ತಾತ," ಎಂದೆ ನಾನು. "ಬಾಗಿಲ ಮೇಲೆ ಕೆತ್ತಿದೆಯಲ್ಲ, ಸಾವಿರದ ಎಂಟುನೂರ ಎಪ್ಪತ್ತನಾಲ್ಕು."

"ಅದು ಬಾಗಿಲಿನ ವಯಸ್ಸು ಕಣಯ್ಯ," ಎಂದರು ಮೇಯರ್. "ಗೋಡೆಗೆ ಬೇರೆ ವಯಸ್ಸು." ಹತ್ತಿರ ಹೋಗಿ ಗೋಡೆಗೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಗಬ್ಬದ ಹಸುವಿನ ಹೊಟ್ಟೆ ತಡವುವ ಹಾಗೆ ಮೆಲ್ಲಗೆ ತಡವಿದರು. "ಇದೆ," ಎಂದರು. "ಒಳಗೆ ಇದೆ. ಅನ್ನಿಸ್ತಿದೆ ನನಗೆ."

"ಕಮಾನು ಕಾಣ್ತಿದೆ ನೋಡಿ, ಇಲ್ಲಿಂದ ಇಲ್ಲಿವರೆಗೆ," ಎಂದ ಎದ್ಮೋಂ.

"ನಂಗೆ ಬಾತುಕೋಳಿ ಕಾಣ್ತಿದೆ," ಎಂದಳು ಅಪೊಲೀನ್.

"ಅದೂ ಇರಬಹುದು ಮರಿ. ಆಗಿನ ಕಾಲದಲ್ಲಿ ಕೆತ್ತುತ್ತಿದ್ದರು."

ಒದೀಲ್ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಕೇಳಿದಳು, "ನಿಮ್ಮ ಇಸಾಬೋ ಪಾತ್ರೆ ಎಲ್ಲಿ ತೊಳೀತಿದ್ದಳು?"

ಬಂದವರು ಕುರ್ಚಿ ಎಳೆದುಕೊಂಡರು. ಕೂತು ಕೋಳಿ ತಿಂದರು. ಊಟವಾದ ಮೇಲೆ ಮೇಯರ್ ನನ್ನ ಹೊಟ್ಟೆಯ ಪಕ್ಕ ತಟ್ಟಿ, "ಲುದೋವಿಕ್, ಈ ಕಿಟಕಿ ವಿಷಯ ಇನ್ನು ನಿನ್ನೊಬ್ಬನದಲ್ಲ. ಊರಿಗೂರೇ ನಿನ್ನ ಬೆನ್ನಿಗಿದೆ. ಇಲ್ಲೊಂದು ಸಹಿ ಹಾಕು," ಎಂದರು.

ಹಾಕಿದೆ. ಹನ್ನೆರಡು ವರ್ಷ ಒಬ್ಬನಿಂದ ಆಗದ ಕೆಲಸಕ್ಕೆ ಊರಿಗೂರೇ ನಿಂತಿದೆಯಲ್ಲ ಎಂದು ನನ್ನ ಎದೆ ತುಂಬಿ ಬಂತು. ಕಿಟಕಿಯನ್ನು ತೆರೆಸಲು ಅವರು ಬಂದಿದ್ದಾರೆಂದು ನಾನು ತಿಳಿದೆ. ಗೋಡೆಯನ್ನು ಊರಿಗೆ ಬಿಟ್ಟುಕೊಡಲು ನಾನು ಕರೆದಿದ್ದೇನೆಂದು ಅವರು ತಿಳಿದರು. ಆರು ತಿಂಗಳು ನಾವೆಲ್ಲ ಇದೇ ಸಂತೋಷದಲ್ಲಿ ಇದ್ದೆವು.

ಆ ಆರು ತಿಂಗಳು ಚೆನ್ನಾಗಿದ್ದವು ಎಂದು ಹೇಳಲೇಬೇಕು. ನಾನು ಓಕ್ ಮರದ ಚೌಕಟ್ಟು ಮಾಡಿಸಿ ಗಾಜು ಕೂರಿಸಿ ತಂದು, ಅದೇ ಗೋಡೆಗೆ ಒರಗಿಸಿ ಇಟ್ಟೆ. ಒದೀಲ್ ವಾರಕ್ಕೊಮ್ಮೆ ಅದರ ಗಾಜು ಒರೆಸುತ್ತಿದ್ದಳು. ಮಾರ್ಸೊ ಅದರೊಳಗಿಂದ ಗೋಡೆ ನೋಡುತ್ತ, "ಇವತ್ತು ಮೋಡ," ಎನ್ನುತ್ತಿದ್ದ. ಫೋಂತಾಲ್ಬಿನ ಮನೆಯವರಿಗೆ ಒದೀಲ್ ಫೋನು ಮಾಡಿ, "ನೋಡೋಣ, ನಮ್ಮನೇವ್ರು ಏನೋ ಮಾಡ್ತಿದ್ದಾರೆ," ಎಂದದ್ದನ್ನು ನಾನೇ ಕೇಳಿಸಿಕೊಂಡೆ. ಹನ್ನೆರಡು ವರ್ಷದಲ್ಲಿ ಅವಳ ದನಿಯಲ್ಲಿ ಅಂಥ ನಂಬಿಕೆ ಕೇಳಿರಲಿಲ್ಲ.

ಊರಿಗೂ ನೆನಪು ಮರುಕಳಿಸಿತು. ಮಂಟಪದ ಕೆಳಗೆ ಕಬ್ಬಿಣದ ಗುಂಡಾಟ ಆಡುವ ಮುದುಕರು ಆಟ ನಿಲ್ಲಿಸಿ, "ನಮ್ಮಜ್ಜಿ ಹೇಳ್ತಿದ್ದಳು ಇಸಾಬೋ ಕಥೆ," ಎನ್ನತೊಡಗಿದರು. "ನಿಮ್ಮಜ್ಜಿ ಏನು ಹೇಳ್ತಾಳೆ, ಅವಳು ಬಂದಿದ್ದೇ ಸೇಂತ್-ಅವಿಯಿಂದ. ನಮ್ಮಜ್ಜಿಗೆ ಇಸಾಬೋ ಕಡೆಯ ಸಂಬಂಧವೇ ಇತ್ತು," ಎಂದು ಇನ್ನೊಬ್ಬರು ಗುಂಡು ಕೈಯಲ್ಲಿ ಹಿಡಿದೇ ಎದ್ದು ನಿಂತರು. ಎದ್ಮೋಂ ಉಪ್ಪು ಹಾಕಿದ ಬಿಸ್ಕತ್ತು ಮಾಡಿ ಇಸಾಬೋಳ ಕಣ್ಣೀರು ಎಂದು ಹೆಸರಿಟ್ಟ. ನನ್ನ ಬಸ್ಸಿನಲ್ಲಿ ಒಬ್ಬ ಹುಡುಗಿ, "ನಿಮ್ಮನೇಲಿ ದೆವ್ವ ಇದೆಯಂತೆ ಅಂಕಲ್," ಎಂದಳು. ನಾನು, "ಇಲ್ಲ ಮರಿ, ಕಿಟಕಿನೇ ಇಲ್ಲ, ದೆವ್ವ ಎಲ್ಲಿಂದ ಬರುತ್ತೆ," ಎಂದೆ. ಅದನ್ನು ಅವಳು ಮನೆಯಲ್ಲಿ ಹೇಳಿದಳು. ಬಾಯಿಂದ ಬಾಯಿಗೆ ಹೋಗಿ, ದೆವ್ವ ಹೊರಗೆ ಹೋಗಲು ಕಿಟಕಿಯಿಲ್ಲದೆ ಒಳಗೇ ಇದೆ ಎಂದಾಯಿತು.

ಸೆಪ್ಟೆಂಬರಿನಲ್ಲಿ ಜಿಲ್ಲೆಯಿಂದ ಹಳೆಯ ಕಟ್ಟಡಗಳ ಅಧಿಕಾರಿ ಬಂದರು. ಹೆಸರು ಮದಾಂ ವಿಲ್ನೆರ್. ನಡುವಯಸ್ಸಿನ ಹೆಂಗಸು, ಧೂಳು ಹಿಡಿದ ಬೂಟು, ಬಳಲಿದ ಕಣ್ಣು. ನನಗೆ ನೋಡಿದ ಕೂಡಲೇ ಇಷ್ಟವಾದರು. ನಮ್ಮ ಅಡುಗೆಮನೆಯಲ್ಲಿ ಮೇಯರ್, ಟೀಚರ್, ಎದ್ಮೋಂ, ಫೆರ್ನಾಂದ್ ಎಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಜಾಗವಿಲ್ಲದವರು ಓಣಿಯಲ್ಲಿದ್ದರು. ಮದಾಂ ವಿಲ್ನೆರ್ ಸಣ್ಣ ಸುತ್ತಿಗೆಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದರು. ಹೊರಗೆ ಬಂಡೆಯ ಅಂಚಿನ ಕಾಲುದಾರಿಗೆ ಹೋಗಿ ನೋಡಿ ಬಂದರು. ನೇರಳೆ ಹಾಳೆಗಳನ್ನು ಓದಿದರು. ಬಾಗಿಲ ಮೇಲಿನ ಇಸವಿಯನ್ನೂ ಓದಿದರು.

"ನೋಡಿ," ಎಂದರು ನನ್ನ ಕಡೆ ತಿರುಗಿ, "ಈ ದೇಶದಲ್ಲಿ ಮುಚ್ಚಿದ ಕಿಟಕಿ ಸಾವಿರಾರು ಇವೆ. ಹಿಂದೆ ಮನೆಗೆ ಎಷ್ಟು ಕಿಟಕಿ ಇದೆ ಅಂತ ಎಣಿಸಿ ತೆರಿಗೆ ಹಾಕ್ತಿದ್ದರು. ತೆರಿಗೆ ತಪ್ಪಿಸಿಕೊಳ್ಳೋಕೆ ಜನ ಕಿಟಕೀನೇ ಮುಚ್ಚಿಬಿಡ್ತಿದ್ದರು. ನಿಮ್ಮದೂ ಅಂಥದ್ದೇ ಇರಬೇಕು. ಹಾಗಿದ್ದರೆ ನನ್ನ ಅಡ್ಡಿ ಏನೂ ಇಲ್ಲ, ಇಲ್ಲೇ ಸಹಿ ಹಾಕ್ತೀನಿ, ನಾಳೆಯೇ ತೆರೀರಿ."

ಅವರು ಪೆನ್ನು ತೆಗೆದರು. ನಾನು ಆ ಪೆನ್ನನ್ನು ನೋಡಿದೆ. ಒದೀಲ್ ಕಡೆ ನೋಡಿದೆ. ಅವಳು ಒರೆಸುವ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಹೌದು ಮದಾಂ. ತೆರಿಗೇನೇ," ಎಂದೆ.

ಟೀಚರ್ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು.

"ಈ ಬೀದೀಲಿ ತೆರಿಗೆಗೆ ಹೆದರಿ ಕಿಟಕಿ ಮುಚ್ಚಿಕೊಂಡೋರು ಯಾರೂ ಇರಲಿಲ್ಲ. ಆಚೆ ದಡದಲ್ಲಿ ಇದ್ದರೋ ಏನೋ. ನಾವು ಕೊಡಬೇಕಾದ್ದು ಕೊಟ್ಟು, ಕಿಟಕಿ ತೆಗೆದುಕೊಂಡು ಬದುಕಿದ ಜನ."

"ಟೀಚರ್, ಹಾಗಾದ್ರೆ ಇದು ಯಾಕೆ ಮುಚ್ಚಿದೆ?" ಎಂದೆ.

"ಪ್ರೀತಿಗೆ," ಎಂದರು ಟೀಚರ್. ಓಣಿಯಲ್ಲಿ ಯಾರೋ ಮೂಗೆಳೆದರು.

ಮೇಯರ್ ಮುಂದೆ ಬಂದು ಕಾಗದದ ಕಟ್ಟು ಚಾಚಿದರು. "ಮದಾಂ, ಮೂವತ್ತೆಂಟು ಜನರ ಹೇಳಿಕೆ ಇದೆ. ಎಲ್ಲರ ಅಜ್ಜಿಯರೂ ಹೇಳಿದ್ದಾರೆ. ಪುರಸಭೆ ಒಮ್ಮತದ ನಿರ್ಣಯ ಮಾಡಿದೆ. ಮನೆಯ ಯಜಮಾನರ ಸಹಿಯೂ ಇದೆ."

ಮದಾಂ ವಿಲ್ನೆರ್ ನನ್ನ ಸಹಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಇದರಲ್ಲಿ ಮುಚ್ಚಿದ ಕಿಟಕಿಯನ್ನು ಮುಚ್ಚಿದ ಹಾಗೆಯೇ ಶಾಶ್ವತವಾಗಿ ಕಾಪಾಡಿಕೊಳ್ಳುತ್ತೇನೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ."

"ನಾನು ಓದಿರಲಿಲ್ಲ."

"ಓದಿರಲಿಲ್ಲ," ಎಂದರು ಟೀಚರ್, ಯಾರಿಗೂ ಅಲ್ಲದೆ.

ಇನ್ನು ನಿಜ ಹೇಳುವುದೊಂದೇ ಉಳಿದಿತ್ತು. ಮನುಷ್ಯ ಎಲ್ಲ ದಾರಿಯೂ ಮುಚ್ಚಿದ ಮೇಲೆಯೇ ಆ ದಾರಿಗೆ ಬರುತ್ತಾನೆ. "ಮದಾಂ," ಎಂದೆ, "ಇಲ್ಲಿ ಕಿಟಕಿ ಇರಲೇ ಇಲ್ಲ. ಇಸಾಬೋನೂ ಇಲ್ಲ, ತೆರಿಗೇನೂ ಇಲ್ಲ. ನಾನು ಸುಳ್ಳು ಹೇಳಿದೆ. ಇದು ಬರೀ ಗೋಡೆ. ಹೆಂಡತಿಗೆ ಒಂದು ಕಿಟಕಿ ಬೇಕಿತ್ತು, ಅಷ್ಟೇ."

ಅಷ್ಟು ಹೇಳಿ ಹಗುರಾಗಿ ಉಸಿರು ಬಿಟ್ಟೆ.

"ಪಾಪ, ಬಹಳ ವಿನಯ," ಎಂದರು ಮೇಯರ್.

"ಇಂಥ ಮನೇಲಿ ಇದ್ದೂ ಒಂಚೂರು ಜಂಬ ಇಲ್ಲ ನೋಡಿ," ಎಂದಳು ಫೆರ್ನಾಂದ್.

ಮದಾಂ ವಿಲ್ನೆರ್ ಒಬ್ಬರೇ ನಂಬಿದರು. ಅವರ ಕಣ್ಣಲ್ಲಿ ಅದು ಕಂಡಿತು. ಅವರು ಮೃದುವಾಗಿ ಹೇಳಿದರು, "ಮುಸ್ಯೆ, ಕಿಟಕಿ ಇರಲೇ ಇಲ್ಲ ಅಂದರೆ ಇದು ಹೊಸ ಕಿಟಕಿ ಆಗುತ್ತೆ. ಹೊಸದಕ್ಕೆ ಚರ್ಚಿನ ಸುತ್ತ ಅನುಮತಿ ಇಲ್ಲ."

"ಗೋಡೆ ಸ್ವಲ್ಪ ಒಡೆದು ನೋಡಿ. ಒಳಗೆ ಕಮಾನೂ ಇಲ್ಲ, ಏನೂ ಇಲ್ಲ."

"ಮೂವತ್ತೆಂಟು ಜನರ ಹೇಳಿಕೆ ಇರೋ ಗೋಡೆ ಒಡೆಯೋಕೆ ಪ್ಯಾರಿಸ್ಸಿಂದ ಅನುಮತಿ ತರಬೇಕು."

"ಅದಕ್ಕೆಷ್ಟು ದಿನ?"

"ನಾಲ್ಕು ವರ್ಷ. ಬೇಗ ಆದರೆ." ಅವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. ಓಣಿಯ ತುಂಬ ನಿಂತ ಊರನ್ನು ನೋಡಿದರು, ಕೈಗಡಿಯಾರ ನೋಡಿಕೊಂಡರು. ಹನ್ನೆರಡಕ್ಕೆ ಎರಡು ನಿಮಿಷವಿತ್ತು. ಗೋಡೆಯನ್ನು ಇದ್ದ ಹಾಗೆಯೇ ಕಾಪಾಡತಕ್ಕದ್ದು ಎಂದು ಬರೆದು ಸಹಿ ಹಾಕಿದರು.

ಗಂಟೆ ಹೊಡೆಯಿತು. ಎಲ್ಲರೂ ಊಟಕ್ಕೆ ಹೋದರು.

ಒದೀಲ್ ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟಳು. "ಇಸಾಬೋಗೆ ಮುಚ್ಚೋಕಾದ್ರೂ ಒಂದು ಕಿಟಕಿ ಇತ್ತು," ಎಂದಳು.

ಸಂಘದವರು ಈ ಸಲ ಕಾರಿನಿಂದ ಇಳಿದರು. ಅಕ್ಟೋಬರ್ ಮೊದಲ ವಾರಕ್ಕೆ ಕಂದು ಫಲಕ ಬಂತು. ಕಾಲುದಾರಿಯಲ್ಲಿ, ನಮ್ಮ ಗೋಡೆಯ ಹೊರಗೆ, ಹಿತ್ತಾಳೆಯ ತಗಡು ಹೊಡೆದರು. ಜನ ಬರತೊಡಗಿದರು. ಬೆನ್ನ ಹಿಂದೆ ಇಡೀ ಕಣಿವೆ, ನದಿ, ಸೇತುವೆ, ಏಳು ಗುಡ್ಡ ಬಿಸಿಲಲ್ಲಿ ಹೊಳೆಯುತ್ತಿರುವಾಗ, ಅವರು ಅದಕ್ಕೆ ಬೆನ್ನು ಹಾಕಿ ನಿಂತು ಗೋಡೆಯ ಫೋಟೊ ತೆಗೆದರು. ಗೋಡೆಯ ಒಳಗೆ ಒದೀಲ್ ಬಲ್ಬು ಹಾಕಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

ನಾನು ಸಹಿ ಮಾಡಿದ ಕಾಗದದ ಎರಡನೆಯ ಪುಟದಲ್ಲಿ ಇನ್ನೊಂದು ವಿಷಯವಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಗೋಡೆಯ ಒಳಮುಖವನ್ನು ಸಾರ್ವಜನಿಕರಿಗೆ ತೋರಿಸತಕ್ಕದ್ದು. ಮೊದಲ ಶನಿವಾರವೇ ನಲವತ್ತು ಜನ ಅಡುಗೆಮನೆಗೆ ಬಂದರು. ಒಬ್ಬ ಡಚ್ ಹೆಂಗಸು ಗೋಡೆಗೆ ಹಣೆ ಹಚ್ಚಿ ಅತ್ತಳು. ಹೊಸದಾಗಿ ಮದುವೆಯಾದ ಜೋಡಿಯೊಂದು ನಮ್ಮ ತೊಟ್ಟಿಯ ಮುಂದೆ ಕೈಕೈ ಹಿಡಿದು ನಿಂತಿತು. ಹುಡುಗಿ ಒದೀಲಳಿಗೆ, "ನೀವು ಅದೃಷ್ಟವಂತರು ಮದಾಂ, ದಿನಾ ಇಲ್ಲೇ ಇರ್ತೀರಿ," ಎಂದಳು.

"ಹೌದಮ್ಮ. ಸ್ವಲ್ಪ ಸರೀತೀಯಾ, ಬಾಣಲೆ ತೊಳೀಬೇಕು," ಎಂದಳು ಒದೀಲ್.

ಆ ಹುಡುಗ, ಬಹಳ ಸೂಕ್ಷ್ಮ ಮನಸ್ಸಿನವನು, ಬಲ್ಬು ತೋರಿಸಿ, "ಇದನ್ನ ಆರಿಸಬಹುದಾ? ಇಸಾಬೋಳ ಕತ್ತಲು ಹೇಗಿತ್ತು ಅಂತ ನೋಡಬೇಕು," ಎಂದ. ಯಾರೋ ಆರಿಸಿದರು. ಓಣಿಯ ಬಾಗಿಲನ್ನೂ ಮುಂದೆ ಮಾಡಿದರು. ಕತ್ತಲಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದು ನಿಂತರು. ಮಾರ್ಸೊ ಯಾರದೋ ಕಾಲು ತುಳಿದ. ಮತ್ತೆ ದೀಪ ಹಾಕಿದಾಗ ಒದೀಲ್ ತೊಟ್ಟಿಯ ಮುಂದೆ ಇರಲಿಲ್ಲ. ಮೇಲಿನ ಕೋಣೆಯಲ್ಲಿ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು.

ಸತ್ತವರ ಹಬ್ಬದ ದಿನ ಊರೆಲ್ಲ ಸೇವಂತಿಗೆಯ ಕುಂಡ ಹೊತ್ತು ಸ್ಮಶಾನಕ್ಕೆ ಹೊರಟಿತ್ತು. ನಾವು ಒದೀಲಳ ಅಣ್ಣನ ವ್ಯಾನಿಗೆ ಹಾಸಿಗೆ ಏರಿಸುತ್ತಿದ್ದೆವು. ಹೋಗುವವರೆಲ್ಲ ಕುಂಡ ಕೆಳಗಿಟ್ಟು ಒಂದೊಂದು ಕೈ ಹಚ್ಚಿದರು, ಕುಂಡ ಎತ್ತಿಕೊಂಡು ಮುಂದೆ ಹೋದರು. ಮೇಯರ್ ಬಂದು, ಒದೀಲಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, "ಹದಿನೈದಕ್ಕೆ ಪ್ಯಾರಿಸ್ಸಿನ ಸಚಿವಾಲಯದಿಂದ ಒಬ್ಬರು ನೋಡೋಕೆ ಬರ್ತಾರಮ್ಮ. ಅಲ್ಲೀತನಕ ಇರೋಕಾಗುತ್ತಾ? ಮನೆಯಲ್ಲಿ ಹೆಂಗಸು ಇದ್ದರೆ ಕಥೆಗೆ ಒಂದು ಕಳೆ," ಎಂದರು.

"ಇನ್ನೂ ಕಳೆ ಬರುತ್ತೆ ಬಿಡಿ ಮೇಯರ್ ಸಾಹೇಬ್ರೆ," ಎಂದಳು ಅವಳು. "ಬಿಟ್ಟು ಹೋದಳು ಅಂತ ಸೇರಿಸ್ಕೊಳ್ಳಿ."

ಟೀಚರ್ ತಮ್ಮ ಬಾಗಿಲಲ್ಲಿ ನಿಂತಿದ್ದರು. ವ್ಯಾನು ಮುಂದೆ ಬಂದಾಗ ಒದೀಲಳ ಕೈಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಳಗೆ ಹೋದರು. ನನ್ನ ಕಡೆ ನೋಡಲಿಲ್ಲ.

"ಭಾನುವಾರ ಊಟಕ್ಕೆ ಬಾ," ಎಂದಳು ಒದೀಲ್. "ಮಕ್ಕಳು ಕಾಯ್ತಾರೆ."

"ನೀನು?"

"ನನಗೆ ಭಾನುವಾರವೂ ಕೆಲಸ ಇರುತ್ತೆ ಲುದೋವಿಕ್."

ರಜೆ ಮುಗಿದು ಸೋಮವಾರ ಶಾಲೆ ಶುರುವಾಯಿತು. ಫೋಂತಾಲ್ಬಿನ ಹೊಸ ಬಡಾವಣೆ ನನ್ನ ಬಸ್ಸಿನ ಐದನೆಯ ನಿಲ್ದಾಣ. ಅಪೊಲೀನ್ ಮತ್ತು ಮಾರ್ಸೊ ಹತ್ತಿದರು. "ಬೊಂಜೂರ್ ಅಪ್ಪ," ಎಂದು ಹೇಳಿ, ಉಳಿದ ಮಕ್ಕಳ ಹಾಗೆಯೇ ಪಾಸು ತೋರಿಸಿ ಹಿಂದೆ ಹೋಗಿ ಕೂತರು. ನಾನು ಬಾಗಿಲು ಮುಚ್ಚಿ ಆ ಮನೆಯ ಕಡೆ ನೋಡಿದೆ. ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ. ಎಡಗಡೆಯ ಕಿಟಕಿಯಲ್ಲಿ ಒದೀಲ್ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ತಲೆಯೆತ್ತಿ ಬಸ್ಸನ್ನು ನೋಡಿ, ಒದ್ದೆ ಕೈಯನ್ನು ಒಮ್ಮೆ ಮೇಲೆತ್ತಿದಳು.

ಆ ಕಿಟಕಿ ನಾನು ಇಡಿಸಿದ್ದಲ್ಲ. ನಾನು ಕೊಟ್ಟ ಮಾತು ನಡೆಸಲಿಲ್ಲ.